ಸಂಪಾದಕರ ಉತ್ತರ: ಆಕೆ ಕೈ ಹಿಂದಕ್ಕೆ ಎಳೆದುಕೊಂಡಾಗ

ಮಾನ್ಯರೇ,

ನಿಮ್ಮ ನಾಲ್ಕು ಪುಟಗಳ ಪತ್ರ ತಲುಪಿತು. ಹೆಸರು ಅಚ್ಚಾಗುವುದು ಬೇಡ ಎಂದಿದ್ದೀರಿ, ಹಾಗೆಯೇ ಆಗಲಿ. ಉಳಿದ ಓದುಗರಿಗಾಗಿ ಪತ್ರದ ಸಾರವನ್ನಷ್ಟು ಹೇಳಿಬಿಡುತ್ತೇನೆ. ನೀವು ವಸತಿ ಕೇಂದ್ರವೊಂದರಲ್ಲಿ ಆರೈಕೆಯ ಕೆಲಸಕ್ಕೆ ಸೇರಿ ಏಳು ತಿಂಗಳಾಗಿದೆ. ತೀವ್ರ ಬೌದ್ಧಿಕ ಅಂಗವೈಕಲ್ಯದ ಜೊತೆಗೆ ದೃಷ್ಟಿಯೂ ಶ್ರವಣವೂ ಬಹುಮಟ್ಟಿಗೆ ಇಲ್ಲದ ಯುವತಿಯೊಬ್ಬರ ಹೊಣೆ ನಿಮ್ಮದು. ಎರಡು ದಿನಗಳ ತರಬೇತಿಗೆ ಹೋಗಿಬಂದಿರಿ, ಪ್ರಮಾಣಪತ್ರವೂ ಸಿಕ್ಕಿತು. ಮರುದಿನ ಬೆಳಿಗ್ಗೆ ಕಲಿತ ಹಾಗೆ ಅವರ ಕೈ ಹಿಡಿದು ಸ್ನಾನದ ಟವೆಲ್ ಮುಟ್ಟಿಸಲು ಹೋದರೆ, ಅವರು ಕೈ ಹಿಂದಕ್ಕೆ ಎಳೆದುಕೊಂಡು ತಲೆ ಚಚ್ಚಿಕೊಂಡರು. "ಹಾಗಾದರೆ ಈ ತರಬೇತಿ ಯಾರ ಸಮಾಧಾನಕ್ಕೆ?" ಎಂದು ಕೇಳಿದ್ದೀರಿ.

ಹಲವು ತರಬೇತಿಗಳು ಕೊಡುವವರ ಸಮಾಧಾನಕ್ಕೇ ನಡೆಯುತ್ತವೆ ಎನ್ನಲು ನನಗೆ ಸಂಕೋಚವಿಲ್ಲ. ಅಂಥದೊಂದರಲ್ಲಿ ನಾನೂ ಕುಳಿತಿದ್ದೆ. ಬೆಳಿಗ್ಗೆಯಿಡೀ ಕಾಯಿಲೆಗಳ ಹೆಸರು. ಮಧ್ಯಾಹ್ನ ಕಣ್ಣಿಗೆ ಬಟ್ಟೆ, ಕಿವಿಗೆ ಹತ್ತಿ, ಇನ್ನೊಬ್ಬರ ಕೈಯಿಂದ ಚಮಚದಲ್ಲಿ ಊಟ. ಹೇಳದೆ ಕೇಳದೆ ತುಟಿಗೆ ತಗುಲುವ ಚಮಚ ಎಷ್ಟು ಬೆಚ್ಚಿಬೀಳಿಸುತ್ತದೆ ಎಂಬುದು ತಿಳಿಯಿತು, ಅಷ್ಟರ ಮಟ್ಟಿಗೆ ಉಪಕಾರ. ಆದರೆ ಆ ಬಟ್ಟೆಯ ಹಿಂದೆ ಇದ್ದವನಿಗೆ ಚಮಚ ಎಂದರೇನು, ಊಟ ಎಂದರೇನು ಎಂಬುದು ಗೊತ್ತಿತ್ತು. ಹುಟ್ಟಿನಿಂದಲೇ ಕಾಣದ, ಕೇಳದ ಒಬ್ಬರ ಲೋಕ ಅರ್ಧ ಗಂಟೆಯ ಆಟದಲ್ಲಿ ಕೈಗೆ ಸಿಗುವಂಥದ್ದಲ್ಲ.

ಕಾಣದ, ಕೇಳದ ಹೆಲೆನ್ ಕೆಲರ್ ಕಥೆಯನ್ನು ನಿಮಗೂ ಹೇಳಿರುತ್ತಾರೆ: 1887ರ ಏಪ್ರಿಲ್, ನೀರಿನ ಪಂಪು, ಒಂದು ಕೈ ಮೇಲೆ ಹರಿಯುವ ನೀರು, ಇನ್ನೊಂದು ಅಂಗೈಯಲ್ಲಿ ಶಿಕ್ಷಕಿ ಆನ್ ಸಲಿವನ್ ಬರೆಯುವ ಅಕ್ಷರಗಳು, ಅದು ನೀರಿನ ಹೆಸರೆಂದು ಹುಡುಗಿಗೆ ಹೊಳೆದ ಕ್ಷಣ. ಚಂದದ ಕಥೆಯೇ. ಆದರೆ ಕೆಲರ್ ಹತ್ತೊಂಬತ್ತು ತಿಂಗಳ ವಯಸ್ಸಿನವರೆಗೆ ಕಂಡು ಕೇಳಿ ಬೆಳೆದಿದ್ದರು, ಅವರ ಬುದ್ಧಿಶಕ್ತಿಗೆ ಯಾವ ಕುಂದೂ ಇರಲಿಲ್ಲ. ಆ ಒಂದು ಕ್ಷಣಕ್ಕಾಗಿ ನೀವು ಕಾಯುತ್ತ ಕುಳಿತರೆ ಆ ಯುವತಿಗೆ ಅನ್ಯಾಯವಾಗುತ್ತದೆ. ಅವರು ದಿನವೂ ಹೇಳುತ್ತಿರುವುದು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಕೈ ಎಳೆದುಕೊಂಡದ್ದನ್ನೇ ನೋಡಿ. ಕಣ್ಣು ಕಿವಿ ಎರಡೂ ಇಲ್ಲದವರಿಗೆ ಕೈಯೇ ಕಣ್ಣು, ಕೈಯೇ ನಾಲಿಗೆ. ಮಣಿಕಟ್ಟು ಹಿಡಿದು ಎಲ್ಲಿಗೋ ಒಯ್ದರೆ ಮಾತನಾಡುತ್ತಿರುವವರ ಬಾಯಿ ಮುಚ್ಚಿದಂತೆ. ನಿಮ್ಮ ಕೈ ಅವರ ಕೈಯ ಕೆಳಗಿರಲಿ. ನೀವು ಟವೆಲ್ ಮುಟ್ಟಿ, ಅವರ ಬೆರಳುಗಳು ನಿಮ್ಮ ಕೈಯ ಮೇಲಿಂದ ತಾವಾಗಿ ಜಾರಿ ಟವೆಲನ್ನು ತಲುಪಲಿ. ಬೇಡವೆನಿಸಿದಾಗ ಕೈ ತೆಗೆಯುವ ದಾರಿ ಅವರಿಗೆ ತೆರೆದೇ ಇರಬೇಕು. ಅದಕ್ಕೂ ಮೊದಲು ನೀವು ಬಂದಿದ್ದೀರಿ ಎಂಬುದು ತಿಳಿಯಬೇಕಲ್ಲ? ದಿನವೂ ಒಂದೇ ಕಡೆ, ಭುಜದ ಮೇಲೋ ಮೊಣಕೈ ಬಳಿಯೋ, ಮೆಲ್ಲಗೆ ಕೈಯಿಟ್ಟು ನಿಲ್ಲಿ. ಆಮೇಲೆ ಕಾಯಿರಿ. ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ. ಬಹಳ ದೀರ್ಘವೆನಿಸುತ್ತದೆ, ನನಗೂ ಹಾಗೇ ಅನಿಸಿತ್ತು. ಅವರ ಉತ್ತರ ಹದಿನೈದನೆಯ ಎಣಿಕೆಗೆ ಬರುವುದಾದರೆ, ಐದಕ್ಕೇ ಮುಂದಿನ ಕೆಲಸ ಹಿಡಿಯುವ ನಮಗೆ ಅವರು ಉತ್ತರವೇ ಇಲ್ಲದವರಾಗಿ ಕಾಣುತ್ತಾರೆ.

ಟವೆಲ್ ಮುಟ್ಟಿಸಿ ಸ್ನಾನವೆಂದು ಹೇಳುವ ಹಾಗೆ, ವಸ್ತುವಿನ ಮೂಲಕ ಮುಂದಾಗುವುದನ್ನು ತಿಳಿಸುವ ಕ್ರಮ, ಕಾಣದ ಕೇಳದ ಮಕ್ಕಳ ಶಿಕ್ಷಣತಜ್ಞ ನೆದರ್ಲೆಂಡ್ಸ್‌ನ ಯಾನ್ ವಾನ್ ಡೈಕ್ ಅವರ ಕೆಲಸದಿಂದ ಬೆಳೆದದ್ದು. ಅದನ್ನು ಅರ್ಧಂಬರ್ಧ ಕಲಿಸುವವರೇ ಹೆಚ್ಚು. ವಸ್ತು ಆ ಕೆಲಸದ್ದೇ ಆಗಿರಬೇಕು, ಪ್ರತಿಸಲವೂ ಅದೇ ಇರಬೇಕು, ಮುಟ್ಟಿಸಿದ ಕೂಡಲೇ ಆ ಕೆಲಸ ನಡೆಯಬೇಕು. ಪ್ರಯಾಣಕ್ಕೆಂದು ಪ್ಲಾಸ್ಟಿಕ್ಕಿನ ಆಟಿಕೆ ಕಾರು ಕೊಡುವವರನ್ನು ಕಂಡಿದ್ದೇನೆ. ಕಾರನ್ನು ಎಂದೂ ನೋಡದವರಿಗೆ ಅದು ನಾಲ್ಕು ಉರುಟು ಬಿಲ್ಲೆಗಳಿರುವ ಒಂದು ತುಂಡು. ಸೀಟ್ ಬೆಲ್ಟಿನ ಬಕಲ್ ಆದರೆ ಅವರ ಮೈಗೆ ಗೊತ್ತು.

1980ರ ದಶಕದಲ್ಲಿ ಇಂಗ್ಲೆಂಡಿನ ಹಾರ್ಪರ್‌ಬರಿ ಆಸ್ಪತ್ರೆಯ ಶಾಲೆಯಲ್ಲಿ ಡೇವ್ ಹ್ಯೂವೆಟ್, ಮೆಲನಿ ನಿಂಡ್ ಮತ್ತು ಅವರ ಸಹೋದ್ಯೋಗಿಗಳು ಇಂಟೆನ್ಸಿವ್ ಇಂಟರಾಕ್ಷನ್ ಎಂಬ ವಿಧಾನವನ್ನು ರೂಪಿಸಿದರು. ಹಸುಗೂಸಿನ ಎದುರು ತಾಯಿ ಏನು ಮಾಡುತ್ತಾಳೆ? ಅದು ಸದ್ದು ಮಾಡಿದರೆ ತಾನೂ ಮಾಡುತ್ತಾಳೆ, ನಿಲ್ಲಿಸಿದರೆ ನಿಲ್ಲಿಸುತ್ತಾಳೆ. ವಿಧಾನದ ಬೇರು ಅಲ್ಲೇ ಇದೆ. ನಿಮ್ಮ ಯುವತಿ ಕುರ್ಚಿಯ ತೋಳನ್ನು ಬೆರಳಿನಿಂದ ತಟ್ಟುತ್ತಾರೆಂದು ಬರೆದಿದ್ದೀರಿ. ಅವರ ಕೈ ಇರುವ ಆ ತೋಳನ್ನೇ ನೀವೂ ಅದೇ ಲಯದಲ್ಲಿ ತಟ್ಟಿ, ಕಂಪನ ಅವರಿಗೆ ಮುಟ್ಟುತ್ತದೆ. ಅವರು ತಟ್ಟುವುದನ್ನು ನಿಲ್ಲಿಸಿ ಕಾದರೆ, ಸರದಿ ನಿಮ್ಮದೆಂದು ತಿಳಿಯಿರಿ.

ಮೇಲ್ವಿಚಾರಕರ ಬಳಿ ಏನು ಕೇಳಬೇಕೆಂದಿರಿ. ಇನ್ನೊಂದು ಪ್ರಮಾಣಪತ್ರ ಬೇಡ. ತರಬೇತುದಾರರೇ ಕೇಂದ್ರಕ್ಕೆ ಬಂದು, ಆ ಯುವತಿಯ ಬಳಿ ನಿಮ್ಮ ಜೊತೆ ಕುಳಿತು ಒಂದು ಬೆಳಗನ್ನು ಕಳೆಯಲಿ. ಮನೆಯವರ ಒಪ್ಪಿಗೆಯಿದ್ದರೆ ಐದು ನಿಮಿಷದ ವಿಡಿಯೊ ಚಿತ್ರಿಸಿ ಎಲ್ಲರೂ ಸೇರಿ ನಿಧಾನಗತಿಯಲ್ಲಿ ನೋಡಿ; ಉಸಿರು ಬದಲಾದದ್ದು, ಕಾಲ್ಬೆರಳು ಮಡಚಿದ್ದು ಆಗ ಕಾಣುತ್ತದೆ. ಕಂಡದ್ದನ್ನು ಒಂದೇ ಪುಟದಲ್ಲಿ ಬರೆದಿಡಿ, ರಾತ್ರಿ ಪಾಳಿಯವರೂ ಹಾಗೇ ನಡೆದುಕೊಳ್ಳಲಿ. ನೀವೊಬ್ಬರೇ ಸರಿಯಾಗಿ ಮುಟ್ಟಿ ಉಳಿದ ಮೂವರು ಮಣಿಕಟ್ಟು ಹಿಡಿದು ಎಳೆಯುತ್ತಿದ್ದರೆ ಅವರು ನಂಬುವುದಾದರೂ ಯಾವ ಕೈಯನ್ನು?

ಮೊದಲೇ ಹೇಳಬೇಕಾದದ್ದನ್ನು ಕೊನೆಗೆ ಉಳಿಸಿಬಿಟ್ಟೆ. ತಲೆ ಚಚ್ಚಿಕೊಳ್ಳುವುದು ಎರಡು ತಿಂಗಳಿಂದ ಹೆಚ್ಚಾಗಿದೆ, ಅದೂ ಎಡಗಡೆಗೇ ಎಂದು ನಿಮ್ಮ ಪತ್ರದ ಮೂರನೆಯ ಪುಟದಲ್ಲಿ ಒಂದು ಸಾಲಿದೆ. "ಅವರ ಸ್ವಭಾವವೇ ಹಾಗೆ" ಎಂದು ಹಿರಿಯ ಸಹೋದ್ಯೋಗಿ ಹೇಳಿದರಂತೆ. ಕಿವಿಯ ಸೋಂಕು, ಹಲ್ಲುನೋವು, ಮಲಬದ್ಧತೆ, ಎದೆಯುರಿ ಇವೆಲ್ಲ ಇಂಥವರಲ್ಲಿ "ಸ್ವಭಾವ"ದ ಹೆಸರಿನಲ್ಲಿ ತಿಂಗಳುಗಟ್ಟಲೆ ಅಡಗಿರುತ್ತವೆ. ಗುಗ್ಗೆ ಗಟ್ಟಿಯಾಗಿ ಕಿವಿ ತುಂಬಿದರೆ ಇದ್ದಬದ್ದ ಶ್ರವಣವೂ ಹೋಗುತ್ತದೆ. ಟವೆಲ್ಲಿನ ವಿಚಾರ ಆಮೇಲೆ ನೋಡೋಣ. ಈ ವಾರವೇ ವೈದ್ಯರಿಂದ ಎಡಗಿವಿಯನ್ನೂ ಆ ಬದಿಯ ಹಲ್ಲುಗಳನ್ನೂ ಪರೀಕ್ಷೆ ಮಾಡಿಸಿ, ಏನು ಹೇಳಿದರೆಂದು ನನಗೆ ಬರೆಯಿರಿ.

– ಸಂಪಾದಕ