ಮಕ್ಕಳು, ಅಮ್ಮನನ್ನು ಕರ್ಕೊಂಡು ಒಂದು ದಿನದ ಸ್ಕೀಯಿಂಗ್: ಗುಲ್ಮಾರ್ಗೋ, ಔಲಿಯೋ, ಮನಾಲಿಯೋ?

ನೀವು ಕೇಳಿದ್ದು ಇಷ್ಟು: ಉಡುಪಿಯಿಂದ ಹೊರಡುವುದು ಐದು ಜನ. ಗಂಡ-ಹೆಂಡತಿ, 6 ಮತ್ತು 11 ವರ್ಷದ ಮಕ್ಕಳು, ಮೊಣಕಾಲು ನೋವಿರುವ ಅಮ್ಮ. ಯಾರೂ ಹಿಮ ಮುಟ್ಟಿದವರಲ್ಲ. ಒಂದು ದಿನ ಸ್ಕೀ ಮಾಡ್ಬೇಕು. ಮೂರು ಊರುಗಳಲ್ಲಿ ಯಾವುದು ಒಳ್ಳೆಯದು, ಗುಲ್ಮಾರ್ಗ್ ಆದರೆ ಶ್ರೀನಗರದಿಂದ ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ ಬಂದರೆ ಸಾಕಾ?

ಗುಲ್ಮಾರ್ಗ್‌ಗೇ ಹೋಗಿ. ಆದರೆ ಹೋಗಿ ಬರುವ ಲೆಕ್ಕ ಬೇಡ, ಹಿಂದಿನ ರಾತ್ರಿಯೇ ಅಲ್ಲಿ ಉಳಿಯಿರಿ. ನಾನು ಮಂಗಳೂರಿನವ, ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹೋಗಿ ಬಂದವ. ಇಡೀ ಯೋಜನೆಯಲ್ಲಿ ಒಂದೇ ಒಂದು ಮಾತು ಉಳಿಸಿಕೊಳ್ಳಿ ಅಂದರೆ ಇದನ್ನೇ ಹೇಳ್ತೇನೆ.

ಯಾಕೆ ಅಂದರೆ, ಶ್ರೀನಗರದಿಂದ ಗುಲ್ಮಾರ್ಗ್ ಬರೀ 50 ಚಿಲ್ಲರೆ ಕಿಲೋಮೀಟರ್. ನಮ್ಮ ಉಡುಪಿ-ಮಂಗಳೂರು ದೂರ, ಎಂತ ದೊಡ್ಡ ವಿಷಯ ಅಂತ ಕಾಣ್ತದೆ. ಹಿಮ ಬಿದ್ದ ದಿನ ಕೊನೆಯ 13 ಕಿಲೋಮೀಟರ್ ಬೇರೆಯೇ ಕಥೆ. ತಂಗ್‌ಮಾರ್ಗ್‌ನಲ್ಲಿ ನಿಮ್ಮ ಟ್ಯಾಕ್ಸಿ ನಿಲ್ತದೆ. ಅಲ್ಲಿಂದ ಮೇಲೆ ಟೈರಿಗೆ ಚೈನ್ ಕಟ್ಟಿದ ಗಾಡಿ ಅಥವಾ ಫೋರ್ ವೀಲ್ ಡ್ರೈವ್‌ನಲ್ಲೇ ಹೋಗ್ಬೇಕು. ಆ ಗಾಡಿಗೆ ಚೌಕಾಸಿ, ಸಾಮಾನು ಬದಲಾವಣೆ, ದಾರಿಯಲ್ಲಿ ಜಾಮ್. ಮೇಲೆ ಮುಟ್ಟುವಾಗ ಹನ್ನೊಂದು ದಾಟಿರ್ತದೆ. ಐದು ಜನರಿಗೆ ಬೂಟು ಹೊಂದಿಸಲಿಕ್ಕೆ ಒಂದು ಗಂಟೆ. ಅಷ್ಟರಲ್ಲಿ ಬಿಸಿಲಿಗೆ ಹಿಮ ಮೆತ್ತಗಾಗಿ ಭಾರ ಆಗಿರ್ತದೆ, ಮಕ್ಕಳಿಗೆ ಹಸಿವು ಶುರು. ಮೂರು ಗಂಟೆ ಕಳೆದ ಮೇಲೆ ನೆರಳು ಬಿದ್ದು ಹಿಮ ಮತ್ತೆ ಗಟ್ಟಿ ಆಗ್ತದೆ. ಹೊಸಬರಿಗೆ ಒಳ್ಳೆಯ ಹಿಮ ಸಿಗುವುದು ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನದವರೆಗೆ. ಬೆಳಿಗ್ಗೆ ಗಾಡಿಯಲ್ಲಿ ಬರುವವರ ಕೈತಪ್ಪುವುದೇ ಆ ಹೊತ್ತು.

ಉಳಿದ ಎರಡರ ಬಗ್ಗೆ ಬೇಗ ಹೇಳಿ ಮುಗಿಸ್ತೇನೆ. ಔಲಿಯ ಇಳಿಜಾರು ಚೆನ್ನಾಗಿದೆ, ನಂದಾದೇವಿ ಎದುರಿಗೇ ಕಾಣ್ತದೆ. ಆದರೆ ಡೆಹ್ರಾಡೂನ್‌ನ ವಿಮಾನ ನಿಲ್ದಾಣದಿಂದ ರಸ್ತೆಯಲ್ಲೇ ಒಂದು ಇಡೀ ದಿನ. 2023ರ ಜನವರಿಯಲ್ಲಿ ಜೋಶಿಮಠದಲ್ಲಿ ನೆಲ ಕುಸಿದಾಗ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಲ್ಲಿಸಿದರು. ಒಂದು ವಾರದ ಕೋರ್ಸಿಗೆ ಹೋಗುವ ಕಾಲೇಜು ಹುಡುಗರಿಗೆ ಔಲಿ ಸರಿ, ಒಂದು ದಿನಕ್ಕೆ ಅಮ್ಮನನ್ನು ಅಷ್ಟು ದೂರ ಕುಲುಕಿಸುವುದು ಬೇಡ. ಮನಾಲಿ ಹತ್ತಿರದ ಸೋಲಂಗ್‌ನಲ್ಲಿ ಹೆಚ್ಚಿನ ಪ್ರವಾಸಿಗರಿಗೆ ಸಿಗುವುದು ಕಾಲಿಗೆ ಸ್ಕೀ ಕಟ್ಟಿಸಿಕೊಂಡು ನಾಲ್ಕು ಫೋಟೋ. ಅಷ್ಟೇ ಸಾಕು ಅಂದರೆ ತಪ್ಪೇನಿಲ್ಲ. 2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿಯ ನಂತರ ಕಾಶ್ಮೀರ ಬೇಡ ಅಂತ ಮನೆಯಲ್ಲಿ ಯಾರಾದರೂ ಹಠ ಹಿಡಿದರೆ ವಾದ ಮಾಡದೆ ಸೋಲಂಗ್‌ಗೇ ಹೋಗಿ.

ಯಾವಾಗ ಹೋಗುವುದು? ಕ್ರಿಸ್‌ಮಸ್ ರಜೆ ಅಂತ ಎಲ್ಲರೂ ಹೇಳ್ತಾರೆ, ನನ್ನ ಪ್ರಕಾರ ಅದು ಬೇಗ ಆಯಿತು. ಡಿಸೆಂಬರ್ 21ರಿಂದ 40 ದಿನ ಕಾಶ್ಮೀರದವರು ಚಿಲ್ಲಾಯ್ ಕಲಾನ್ ಅಂತಾರೆ, ಚಳಿಯ ತುತ್ತತುದಿ. ಆದರೆ ಚಳಿ ಬಂದ ಕೂಡಲೇ ಹಿಮ ಬರಬೇಕು ಅಂತ ಇಲ್ಲ. 2024ರಲ್ಲಿ ಜನವರಿಯ ಬಹುಪಾಲು ಗುಲ್ಮಾರ್ಗ್ ಬೋಳಾಗಿತ್ತು. 2025ರ ಫೆಬ್ರವರಿಯಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಮಾರ್ಚ್‌ಗೆ ಮುಂದೂಡಿದರು. ಹಾಗಾಗಿ ಫೆಬ್ರವರಿಯ ಮೊದಲ ಎರಡು ವಾರ ನೋಡಿ, ವಾರದ ನಡುವಿನ ದಿನ ಇಟ್ಟುಕೊಳ್ಳಿ, ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ಹೋಟೆಲೇ ಹಿಡಿಯಿರಿ. ಮಕ್ಕಳ ವಾರ್ಷಿಕ ಪರೀಕ್ಷೆ ಹತ್ತಿರ ಇರ್ತದೆ, ಟೀಚರ್ ಹತ್ತಿರ ಮಾತಾಡುವ ಕೆಲಸ ನಿಮ್ಮದು.

ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಮಲ್ಪೆಯ ಗಾಳಿ ಕುಡಿದು ಬೆಳೆದ ನಮಗೆ ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸುಮಾರು ಕಾಲು ಭಾಗ ಕಡಿಮೆ. ಮೊದಲ ಸಂಜೆ ತಲೆ ಸ್ವಲ್ಪ ಭಾರ ಆಗಬಹುದು, ರಾತ್ರಿ ನಿದ್ದೆ ಸರಿ ಬಾರದಿರಬಹುದು. ನೀರು ಕುಡಿಯಿರಿ, ಆ ದಿನ ಓಡಾಟ ಕಡಿಮೆ ಮಾಡಿ. ಅಮ್ಮನಿಗೆ ಬಿಪಿ ಅಥವಾ ಹೃದಯದ ತೊಂದರೆ ಇದ್ದರೆ ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ.

ಇನ್ನು ಬೂಟು. ಇದಕ್ಕೆ ಸ್ವಲ್ಪ ಉದ್ದ ಬರೀತೇನೆ, ಯಾಕಂದರೆ ನಾನು ಅಲ್ಲಿ ನೋಡಿದ ಅಳು, ಜಗಳ ಎಲ್ಲ ಬೂಟಿನಿಂದಲೇ. ಚಪ್ಪಲಿಯಲ್ಲೇ ಬೆಳೆದ ನಮ್ಮ ಪಾದ ಮುಂದೆ ಅಗಲ. ಬಾಡಿಗೆ ಅಂಗಡಿಯಲ್ಲಿ ಬಿಗಿ ಅನಿಸಿದ ಕೂಡಲೇ ಒಂದು ಸೈಜು ದೊಡ್ಡದು ಕೇಳ್ತೇವೆ, ಅಲ್ಲಿಗೆ ಕೆಟ್ಟಿತು. ಸಡಿಲ ಬೂಟಿನಲ್ಲಿ ಕಾಲು ತಿರುಗಿದರೂ ಸ್ಕೀ ತಿರುಗುವುದಿಲ್ಲ. ಕಾಲು ಹಾಕಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ, ಆಮೇಲೆ ಬಕಲ್ ಹಾಕಿ. ನೇರ ನಿಂತಾಗ ಬೆರಳ ತುದಿ ಮುಂದೆ ತಾಗ್ಬೇಕು, ಮಂಡಿ ಬಗ್ಗಿಸಿದಾಗ ಬೆರಳು ಹಿಂದೆ ಸರಿಯಬೇಕು, ಹಿಮ್ಮಡಿ ಮಾತ್ರ ಏಳಬಾರದು. ಒಳಗೆ ಒಂದೇ ಜೊತೆ ಉದ್ದ ಸಾಕ್ಸ್. ಚಳಿ ಅಂತ ಎರಡು ಮೂರು ಜೊತೆ ಹಾಕಿದರೆ ರಕ್ತ ಓಡದೆ ಕಾಲು ಇನ್ನಷ್ಟು ಮರಗಟ್ಟುತ್ತದೆ. ಪ್ಯಾಂಟಿನ ತುದಿಯನ್ನು ಬೂಟಿನ ಒಳಗೆ ತುರುಕಬೇಡಿ, ಆ ಮಡಿಕೆ ಅರ್ಧ ಗಂಟೆಯಲ್ಲಿ ಚರ್ಮ ಸುಲಿಯುತ್ತದೆ. ಇದೆಲ್ಲ ಹಿಂದಿನ ಸಂಜೆಯೇ ಅಂಗಡಿಗೆ ಹೋಗಿ ಮುಗಿಸಿ. ಚಿಕ್ಕ ಮಕ್ಕಳ ಸೈಜು ಎಲ್ಲ ಕಡೆ ಇರುವುದಿಲ್ಲ, ಆರು ವರ್ಷದ ಮಗುವಿನ ಎತ್ತರ, ತೂಕ, ಶೂ ಸೈಜನ್ನು ಹೋಟೆಲಿನವರ ಮೂಲಕ ಮೊದಲೇ ತಿಳಿಸಿ ಇಡಿ. ಎಲ್ಲರಿಗೂ ಹೆಲ್ಮೆಟ್ ಕೇಳಿ ತೆಗೆದುಕೊಳ್ಳಿ.

ಅಂಗಡಿಯವ ತೂಕ ಕೇಳ್ತಾನೆ. ನಿಜ ಹೇಳಿ ಮಾರಾಯ್ರೆ, ಅಲ್ಲಿ ನಾಚಿಕೆ ಬೇಡ. ಬಿದ್ದಾಗ ಬೂಟು ಸ್ಕೀಯಿಂದ ಕಳಚಿಕೊಳ್ಳುವ ಕ್ಲಿಪ್ಪನ್ನು ಆ ತೂಕ ನೋಡಿಯೇ ಹೊಂದಿಸುವುದು. ಕ್ಲಿಪ್ ಅತಿ ಬಿಗಿಯಾದರೆ ಸಮಯಕ್ಕೆ ಕಳಚದೆ ಮಂಡಿ ತಿರುಚುತ್ತದೆ, ಸಡಿಲವಾದರೆ ಸುಮ್ಮನೆ ಹೋಗುವಾಗಲೇ ಸ್ಕೀ ಬಿಟ್ಟುಹೋಗ್ತದೆ. ಸ್ಕೀಯ ಉದ್ದ ಹೊಸಬರಿಗೆ ಗಲ್ಲದಿಂದ ಮೂಗಿನ ಮಟ್ಟದ ಒಳಗೆ ಇದ್ದರೆ ಸಾಕು.

ಬಟ್ಟೆಗೆ ದುಡ್ಡು ಸುರಿಯಬೇಡಿ. ಒಳಗೆ ಥರ್ಮಲ್, ನಡುವೆ ಉಣ್ಣೆ ಅಥವಾ ಫ್ಲೀಸ್, ಮೇಲೆ ನೀರು ತಾಗದ ಜಾಕೆಟ್. ಪ್ಯಾಂಟಿಗೆ ನಾವು ಜೂನ್‌ನಲ್ಲಿ ಬೈಕಿಗೆ ಹಾಕುವ ರೇನ್‌ಕೋಟಿನ ಪ್ಯಾಂಟೇ ಥರ್ಮಲ್ ಮೇಲೆ ಒಂದು ದಿನಕ್ಕೆ ಧಾರಾಳ. ಜಾರುತ್ತದೆ, ಆದರೆ ಕಲಿಯುವ ಜಾಗ ಹೆಚ್ಚುಕಡಿಮೆ ಸಮತಟ್ಟು, ಬಿದ್ದರೂ ದೂರ ಹೋಗುವುದಿಲ್ಲ. ಜೀನ್ಸ್ ಮಾತ್ರ ಬೇಡವೇ ಬೇಡ, ಒದ್ದೆ ಆದರೆ ಸಂಜೆವರೆಗೂ ಒಣಗುವುದಿಲ್ಲ. ಗ್ಲೌಸ್ ಮಕ್ಕಳಿಗೆ ಎರಡೆರಡು ಜೊತೆ. ಕರಿ ಕನ್ನಡಕ, ಸನ್‌ಸ್ಕ್ರೀನ್ ಮರೆಯಬೇಡಿ. ಹೊಸ ಹಿಮ ಅತಿನೇರಳೆ ಕಿರಣದ 80 ಶೇಕಡಾದವರೆಗೂ ವಾಪಸ್ ಎಸೆಯುತ್ತದೆ. ಪಣಂಬೂರಿನ ಬಿಸಿಲಿಗೆ ಜಗ್ಗದವರ ಮೂಗಿನ ಅಡಿಭಾಗ ಸುಟ್ಟದ್ದನ್ನು ನಾನು ನೋಡಿದ್ದೇನೆ, ಬಿಸಿಲು ಕೆಳಗಿನಿಂದ ಬರ್ತದೆ ಅಂತ ಯಾರಿಗೆ ಗೊತ್ತು!

ಕಲಿಸುವವರನ್ನು ಎರಡು ಗಂಟೆಗೆ ಮಾತಾಡಿ. ಸಾಧ್ಯವಾದರೆ ಮಕ್ಕಳಿಗೆ ಒಬ್ಬರು, ನಿಮಗಿಬ್ಬರಿಗೆ ಇನ್ನೊಬ್ಬರು. ಅಪ್ಪ ಅಮ್ಮ ಪಕ್ಕದಲ್ಲಿ ನಿಂತರೆ ಮಕ್ಕಳು ಇನ್‌ಸ್ಟ್ರಕ್ಟರ್ ಮಾತು ಕೇಳುವುದಿಲ್ಲ. ಮೊದಲು ಕಲಿಸುವುದು ಬೀಳಲಿಕ್ಕೆ ಮತ್ತು ಏಳಲಿಕ್ಕೆ: ಪಕ್ಕಕ್ಕೆ ಬೀಳಬೇಕು, ಏಳುವಾಗ ಸ್ಕೀಗಳು ಇಳಿಜಾರಿಗೆ ಅಡ್ಡ ಇರಬೇಕು. ಆಮೇಲೆ ಸ್ನೋಪ್ಲೋ, ಅಂದರೆ ಮುಂದಿನ ತುದಿಗಳು ಹತ್ತಿರ, ಹಿಂದಿನವು ಅಗಲ. ಅದೇ ಬ್ರೇಕ್. ಹೆದರಿಕೆಗೆ ಎಲ್ಲರೂ ಹಿಂದಕ್ಕೆ ವಾಲ್ತಾರೆ. ಹಿಂದಕ್ಕೆ ವಾಲಿದಷ್ಟೂ ಹಿಡಿತ ತಪ್ಪಿ ಸ್ಕೀ ಓಡ್ತದೆ. ಕಣಕಾಲಿನ ಮುಂಭಾಗ ಬೂಟಿಗೆ ಒತ್ತಿಕೊಂಡೇ ಇರಬೇಕು. ನಿಮ್ಮ ದೊಡ್ಡ ಮಗ ಸ್ಕೇಟಿಂಗ್ ಕ್ಲಾಸಿಗೆ ಹೋಗ್ತಾನೆ ಅಂದಿರಿ, ಸಮತೋಲನಕ್ಕೆ ಅದು ಖಂಡಿತ ಉಪಯೋಗ. ಆದರೆ ನಿಲ್ಲಿಸುವ ರೀತಿ ಬೇರೆ, ಅವನಿಗೆ ಮೊದಲೇ ಹೇಳಿ ಇಡಿ. ಸಣ್ಣವಳಿಗೆ ಮುಕ್ಕಾಲು ಗಂಟೆಯ ನಂತರ ಸ್ಕೀ ಬಿಚ್ಚಿ ಹಿಮದಲ್ಲಿ ಆಡ್ಲಿಕ್ಕೆ ಬಿಡಿ.

ಹೊರಡುವ ಒಂದು ತಿಂಗಳು ಮೊದಲಿನಿಂದ ವಾರಕ್ಕೆರಡು ಸಲ ಕುಂಜಾರುಗಿರಿಯ ಮೆಟ್ಟಿಲು ಹತ್ತಿ ಇಳಿಯಿರಿ. ಇಳಿಯುವುದೇ ಮುಖ್ಯ, ತೊಡೆಗೆ ಅದೇ ಅಭ್ಯಾಸ ಬೇಕಾದ್ದು.

ಅಮ್ಮನಿಗೆ ಏನು? ಅವರನ್ನು ಹಿಮದಲ್ಲಿ ನಡೆಸುವುದು ಬೇಡ, ಮಂಜುಗಡ್ಡೆಯ ಮೇಲೆ ಜಾರಿದರೆ ಮೊಣಕಾಲು ಹೋಯಿತು. ಸ್ಲೆಡ್ಜ್, ಅಂದರೆ ಕೂರಿಸಿ ಹಿಮದ ಮೇಲೆ ಎಳೆಯುವ ಹಲಗೆಗಾಡಿ, ಅದನ್ನು ಎಳೆಯುವವರು ಮುತ್ತಿಕೊಳ್ತಾರೆ. ಒಬ್ಬರನ್ನು ಗೊತ್ತು ಮಾಡಿ, ಎಲ್ಲಿಂದ ಎಲ್ಲಿಗೆ, ವಾಪಸ್ ಸೇರಿ ಒಟ್ಟು ಎಷ್ಟು ಅಂತ ಮೊದಲೇ ಮಾತಾಡಿ. ಇಳಿಜಾರಿನ ಹತ್ತಿರವೇ ಇರುವ ಹೋಟೆಲ್ ಹಿಡಿದರೆ ಅವರು ಒಳಗೆ ಬಿಸಿಬಿಸಿ ಕಹ್ವಾ ಕುಡೀತಾ ಕಿಟಕಿಯಲ್ಲೇ ಮೊಮ್ಮಕ್ಕಳನ್ನು ನೋಡಬಹುದು. ಬುಕ್ ಮಾಡುವಾಗ ಹೀಟಿಂಗ್ ರಾತ್ರಿ ಪೂರ್ತಿ ಇರ್ತದಾ ಅಂತ ಕೇಳಿ.

ಗೊಂಡೋಲಾವನ್ನು, ಅಂದರೆ ಗುಡ್ಡದ ಮೇಲಕ್ಕೆ ಹೋಗುವ ಕೇಬಲ್ ಕಾರನ್ನು, ಮರುದಿನ ಬೆಳಿಗ್ಗೆಗೆ ಇಡಿ, ಟಿಕೆಟ್ ಆನ್‌ಲೈನಿನಲ್ಲಿ ಮುಂಚೆಯೇ ತೆಗೆಯಿರಿ. ಮೊದಲ ಹಂತ ಕೊಂಗ್ಡೂರಿವರೆಗೆ, 3,000 ಮೀಟರ್ ಮೇಲೆ, ಡಾಕ್ಟರ್ ಒಪ್ಪಿದರೆ ಅಮ್ಮನೂ ಬರಬಹುದು. ಎರಡನೇ ಹಂತ ಅಫರ್ವತ್‌ಗೆ, ಹತ್ತಿರ ಹತ್ತಿರ 3,950 ಮೀಟರ್. ನೋಡ್ಲಿಕ್ಕೆ ಹೋಗುವುದಾದರೂ ಅಮ್ಮ ಮತ್ತು ಸಣ್ಣವಳು ಬೇಡ. ಸ್ಕೀ ಹಿಡ್ಕೊಂಡು ಅಲ್ಲಿಗೆ ಹೋಗುವ ಆಸೆ ಯಾರಿಗೂ ಬೇಡ. 2024ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನ ಮೇಲ್ಭಾಗದಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಒಬ್ಬ ರಷ್ಯನ್ ಸ್ಕೀಯರ್ ತೀರಿಕೊಂಡಿದ್ದ.

ವಿಮಾನ ಬಜ್ಪೆಯಿಂದ ಬೆಂಗಳೂರು, ಮುಂಬಯಿ ಅಥವಾ ದೆಹಲಿ ಮೂಲಕ. ಹಿಮ, ಮಂಜು ಅಂತ ಶ್ರೀನಗರದ ವಿಮಾನ ರದ್ದಾಗುವುದುಂಟು, ಗುಲ್ಮಾರ್ಗ್‌ನಿಂದ ಇಳಿದ ದಿನವೇ ವಾಪಸ್ ಟಿಕೆಟ್ ಮಾಡಬೇಡಿ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿದರೆ ಸ್ಕೀಯಿಂಗ್ ಅದರಲ್ಲಿ ಸೇರಿದೆಯಾ ಅಂತ ಓದಿ ನೋಡಿ, ಹಲವದರಲ್ಲಿ ಸಾಹಸ ಕ್ರೀಡೆ ಹೊರಗೆ. ಮತ್ತೆ, ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಮನೆಯಲ್ಲಿ ಒಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಲಿ. ಇಲ್ಲದಿದ್ದರೆ ತಂಗ್‌ಮಾರ್ಗ್‌ನಲ್ಲಿ ಡ್ರೈವರನ್ನು ಹುಡುಕಲಿಕ್ಕೂ ಫೋನ್ ಇರುವುದಿಲ್ಲ.