ಮಾಡಿಫೈ ಮಾಡಿದ ಡೀಸೆಲ್ ಪಿಕಪ್‌ನ ಎಂಜಿನ್ ತಾನಾಗಿಯೇ ಏರಿಳಿಯುತ್ತಿದೆ. ಪಂಪ್ ಬದಲಿಸಲೇ, ಇಂಜೆಕ್ಟರ್ ಬದಲಿಸಲೇ?

'ಕಾಲು ಅಲುಗಾಡಿಸದೆ ಒಂದೇ ವೇಗದಲ್ಲಿ ಹೋಗುತ್ತಿದ್ದರೂ ಯಾರೋ ಹಿಂದಿನಿಂದ ತಳ್ಳಿ, ಮತ್ತೆ ಹಿಡಿದೆಳೆದಂತೆ ಆಗುತ್ತದೆ' ಎಂದು ಬರೆದಿದ್ದೀರಲ್ಲ, ಆ ತಳ್ಳಾಟ ಎಳೆದಾಟದ ಜೊತೆ ನಾನು ಐದು ತಿಂಗಳು ಸಂಸಾರ ಮಾಡಿದ್ದೇನೆ. ಪಂಪೋ ಇಂಜೆಕ್ಟರೋ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ಸ್ಪ್ಯಾನರ್ ಕೆಳಗಿಡಿ.

ನನ್ನದೂ ಕಾಮನ್ ರೈಲ್ ಡೀಸೆಲ್ ಪಿಕಪ್. ಅಂದರೆ ಪಂಪ್ ಡೀಸೆಲನ್ನು ಭಾರೀ ಒತ್ತಡದಲ್ಲಿ 'ರೈಲ್' ಎಂಬ ಒಂದು ಕೊಳವೆಗೆ ತುಂಬುತ್ತದೆ, ಅಲ್ಲಿಂದ ಇಂಜೆಕ್ಟರ್‌ಗಳು ಅದನ್ನು ಎಂಜಿನ್ನಿನೊಳಗೆ ಚಿಮ್ಮಿಸುತ್ತವೆ. ಕಂಪನಿಯಿಂದ ಬಂದಂತೆಯೇ ಇದ್ದಾಗ ಒಂದು ದಿನವೂ ತಕರಾರು ಮಾಡಿರಲಿಲ್ಲ. ಸುಮ್ಮನಿರಲಾಗದವನು ನಾನು. ಮೊದಲು ಎಂಜಿನ್ನಿಗೆ ಹೋಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ದೊಡ್ಡದು ಬಂತು, ಆಮೇಲೆ ಆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಸ್ವಲ್ಪ ದೊಡ್ಡದು, ಅದರ ಬೆನ್ನಿಗೇ ರೈಲ್ ಪ್ರೆಷರ್ ಸೆನ್ಸರ್‌ನ ವೈರಿಗೆ ಸಿಕ್ಕಿಸಿ ಶಕ್ತಿ ಹೆಚ್ಚಿಸುವ ಟ್ಯೂನಿಂಗ್ ಬಾಕ್ಸ್. ಟರ್ಬೊ ಪೈಪುಗಳಿಗೆ ಜಾಗ ಸಾಲದೆ ಡೀಸೆಲ್ ಫಿಲ್ಟರನ್ನು ಒಂದು ಗೇಣು ಆಚೆ ಸರಿಸಿ, ಹೊಸ ರಬ್ಬರ್ ಪೈಪು ಹಾಕಿ ಜೋಡಿಸಿದೆ. ಈ ಕೊನೆಯ ಕೆಲಸವನ್ನು ನೆನಪಿನಲ್ಲಿಡಿ. ನಾನು ಇಟ್ಟುಕೊಳ್ಳಲಿಲ್ಲ.

ಮೂರು ವಾರ ಗಾಡಿ ಹಾರಿಕೊಂಡು ಓಡಿತು. ನಾಲ್ಕನೆಯ ವಾರ ಶುರುವಾಯಿತು. ಅರ್ಧ ರೇಸಿನಲ್ಲಿ, ಸಮತಟ್ಟಾದ ರಸ್ತೆಯಲ್ಲಿ, 1,800ರಿಂದ 2,200 ಆರ್‌ಪಿಎಂ ನಡುವೆ ಮುಳ್ಳು ಉಸಿರಾಡುವಂತೆ ಏರುತ್ತಿತ್ತು, ಇಳಿಯುತ್ತಿತ್ತು. ಜೋರಾಗಿ ತುಳಿದರೆ ಕೆಲವೊಮ್ಮೆ ಚೆಕ್ ಎಂಜಿನ್ ದೀಪ ಹತ್ತಿ ಗಾಡಿ ನಿತ್ರಾಣವಾಗುತ್ತಿತ್ತು. ಸ್ಕ್ಯಾನರ್ ಹಾಕಿದರೆ ಪಿ0087 ಎಂಬ ದೋಷದ ಕೋಡ್, ಅಂದರೆ ರೈಲಿನಲ್ಲಿ ಒತ್ತಡ ಕಡಿಮೆ. ಅಷ್ಟು ಸಾಕಾಯಿತು ನನಗೆ. ಒತ್ತಡ ಕೊಡುವುದು ಪಂಪ್, ಆದ್ದರಿಂದ ತಪ್ಪು ಪಂಪಿನದು ಎಂದು ತೀರ್ಪು ಬರೆದುಬಿಟ್ಟೆ.

ಮೊದಲು ಪಂಪಿನೊಳಗೆ ಹೋಗುವ ಡೀಸೆಲನ್ನು ಅಳೆದುಬಿಡುವ ಕಂಟ್ರೋಲ್ ವಾಲ್ವ್ ಬದಲಾಯಿತು. ಎರಡು ದಿನ ಸುಧಾರಿಸಿದಂತೆ ಕಂಡಿತು (ಹೊಸ ಭಾಗ ಹಾಕಿದ ಎರಡು ದಿನ ಎಲ್ಲ ಗಾಡಿಗಳೂ ಸುಧಾರಿಸಿದಂತೆಯೇ ಕಾಣುತ್ತವೆ). ಆಮೇಲೆ ರೈಲ್ ಪ್ರೆಷರ್ ಸೆನ್ಸರ್. ಆಮೇಲೆ ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸುವ ಇಜಿಆರ್ ವಾಲ್ವ್ ಕಳಚಿ ಮಸಿ ತೊಳೆದದ್ದು. ಆಮೇಲೆ ನಾಲ್ಕೂ ಇಂಜೆಕ್ಟರ್ ಬಿಚ್ಚಿ ಟೆಸ್ಟ್ ಬೆಂಚಿಗೆ ಕೊಟ್ಟೆ. ನಾಲ್ಕೂ ಸರಿಯಾಗಿವೆ ಎಂಬ ಉತ್ತರ ಬಂದಾಗ ಸಂತೋಷಪಡುವ ಬದಲು ಸಿಟ್ಟು ಬಂತು. ಹೊಸ ಪಂಪಿಗೆ ಮುಂಗಡ ಕೊಡುವುದೊಂದು ಬಾಕಿ ಇತ್ತು.

ನನ್ನ ಐದು ತಿಂಗಳು ತಿಂದ ತಪ್ಪನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ. ಡೀಸೆಲ್ ಪೈಪಿನ ಜೋಡಣೆಗಳನ್ನು ನಾನು ಪರೀಕ್ಷಿಸಿರಲಿಲ್ಲ ಎಂದಲ್ಲ. ಪರೀಕ್ಷಿಸಿದ್ದೆ, ಮೂರು ಸಲ. ಎಂಜಿನ್ ಚಾಲೂ ಇಟ್ಟು, ಟ್ಯಾಂಕಿನಿಂದ ಫಿಲ್ಟರಿಗೆ, ಫಿಲ್ಟರಿನಿಂದ ಪಂಪಿಗೆ ಹೋಗುವ ಪೈಪಿನ ಪ್ರತಿ ಕ್ಲಿಪ್ಪಿನ ಸುತ್ತ ಬೆರಳು ಆಡಿಸಿದೆ. ಬೆರಳು ಒಣಗಿತ್ತು. ಬಿಳಿ ಕಾಗದ ಒತ್ತಿ ನೋಡಿದೆ, ಕಾಗದವೂ ಒಣಗಿತ್ತು. ಡೀಸೆಲ್ ಸೋರುತ್ತಿಲ್ಲ, ಆದ್ದರಿಂದ ಜೋಡಣೆ ಭದ್ರ ಎಂದು ಆ ಕಡೆಗೆ ಬೀಗ ಹಾಕಿ, ಮತ್ತೆ ತಿರುಗಿ ನೋಡಲಿಲ್ಲ.

ಆದರೆ ನನ್ನ ಗಾಡಿಯ ಟ್ಯಾಂಕಿನಲ್ಲಿ ಡೀಸೆಲನ್ನು ದೂಡುವ ಪಂಪ್ ಇಲ್ಲ. ಎಂಜಿನ್ ಬದಿಯ ಪಂಪೇ ಅಷ್ಟು ದೂರದಿಂದ ಹೀರಿಕೊಳ್ಳಬೇಕು. ಅಂದರೆ ಆ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆ. ಅಲ್ಲಿ ಸಂದು ಬಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಪಕ್ಕದಲ್ಲಿ ಸೂಜಿ ಚುಚ್ಚಿದ ಸ್ಟ್ರಾದಿಂದ ನೀರು ಹೀರಿ ನೋಡಿ: ಒಂದು ಹನಿಯೂ ತೂತಿನಿಂದ ಹೊರಗೆ ಬೀಳುವುದಿಲ್ಲ, ಬಾಯಿಗೆ ಮಾತ್ರ ನೀರಿನ ಜೊತೆ ಗಾಳಿ ಬರುತ್ತದೆ. ಹೀರುವ ಪೈಪನ್ನು ಒಣ ಬೆರಳಿನಿಂದ ಪರೀಕ್ಷಿಸಿದ ನಾನು ಸೋರಿಕೆಯ ದಿಕ್ಕನ್ನೇ ತಿರುವುಮುರುವಾಗಿ ತಿಳಿದಿದ್ದೆ. ಬೆರಳು ಒದ್ದೆಯಾಗಿದ್ದರೆ ಐದೇ ನಿಮಿಷದಲ್ಲಿ ಮುಗಿಯುತ್ತಿತ್ತು. ಅದು ಒಣಗಿತ್ತು, ಅದಕ್ಕೇ ಐದು ತಿಂಗಳು ಹಿಡಿಯಿತು.

ಎರಡು ಸಾಕ್ಷಿಗಳು ಕಣ್ಣ ಮುಂದೆಯೇ ಇದ್ದವು. ಒಂದು, ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡುವಾಗ ಸೆಲ್ಫ್ ಹೊಡೆಯುವ ಹೊತ್ತು ದಿನೇ ದಿನೇ ಉದ್ದವಾಗುತ್ತಿತ್ತು. ರಾತ್ರಿಯಿಡೀ ನಿಂತಾಗ ಆ ಸಂದಿನಿಂದ ಗಾಳಿ ಹೊಕ್ಕು, ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ಮರಳಿ ಜಾರುತ್ತಿತ್ತು. ನಾನು ಬ್ಯಾಟರಿಯನ್ನು ಬೈದೆ. ಇನ್ನೊಂದು, ಟ್ಯಾಂಕ್ ತುಂಬಿಸಿದ ದಿನ ಗಾಡಿ ಸಾಧುವಾಗಿರುತ್ತಿತ್ತು, ಕಾಲು ಭಾಗಕ್ಕೆ ಇಳಿದ ದಿನ ಕುಣಿಯುತ್ತಿತ್ತು. ಮಟ್ಟ ಕೆಳಗಿಳಿದಷ್ಟೂ ಹೆಚ್ಚು ಎತ್ತರಕ್ಕೆ ಹೀರಬೇಕು, ಹೀರುವ ಬಲ ಹೆಚ್ಚಿದಷ್ಟೂ ಸಂದಿನಿಂದ ಹೆಚ್ಚು ಗಾಳಿ. ನಾನು ಬಂಕಿನ ಡೀಸೆಲನ್ನು ಬೈದೆ.

ಕೊನೆಗೆ ಕಂಡುಹಿಡಿದವರು ಹಳೆಯ ಟ್ರ್ಯಾಕ್ಟರ್ ಎಂಜಿನ್‌ಗಳಲ್ಲೇ ಕೂದಲು ನರೆಸಿಕೊಂಡ ಒಬ್ಬ ಹಿರಿಯ ಮೆಕ್ಯಾನಿಕ್. ಸ್ಕ್ಯಾನರ್ ಅವರ ಬಳಿ ಇರಲಿಲ್ಲ. ನಾನು ಫೋನಿನಲ್ಲಿ ಗ್ರಾಫ್ ತೋರಿಸಲು ಹೋದರೆ ಕೈ ಅಡ್ಡ ಹಿಡಿದು, 'ಈ ಕುಣಿತ ಶುರುವಾಗುವ ಮುಂಚೆ ಕೊನೆಯಲ್ಲಿ ಯಾವುದನ್ನು ಬಿಚ್ಚಿದ್ದಿರಿ?' ಎಂದಷ್ಟೇ ಕೇಳಿದರು. ಫಿಲ್ಟರ್ ಎಂದೆ. ಫಿಲ್ಟರಿನಿಂದ ಪಂಪಿಗೆ ಹೋಗುವ ಪೈಪಿನ ನಡುವೆ ಒಂದು ಗೇಣು ಪಾರದರ್ಶಕ ಪೈಪು ಸೇರಿಸಿದರು. ಎಂಜಿನ್ ಚಾಲೂ ಮಾಡಿ 2,000ಕ್ಕೆ ರೇಸ್ ಹಿಡಿದಾಗ ಅದರೊಳಗೆ ಗುಳ್ಳೆಗಳ ಸಾಲು. ಫಿಲ್ಟರಿನ ಮುಂಚೆ ಸೇರಿಸಿದಾಗ ಗುಳ್ಳೆ ಇಲ್ಲ. ಅಂದರೆ ಕಳ್ಳ ಫಿಲ್ಟರಿನ ಆಸುಪಾಸಿನಲ್ಲೇ ಇದ್ದಾನೆ. ಕ್ಲಿಪ್ ಬಿಚ್ಚಿದಾಗ ನನ್ನ ಕೈಕೆಲಸ ಹೊರಬಂತು: 8 ಮಿ.ಮೀ. ಮೂತಿಗೆ ಒಳವ್ಯಾಸ 9.5 ಮಿ.ಮೀ. ಇರುವ ಪೈಪು. ಸಡಿಲವನ್ನು ಮುಚ್ಚಲು ಸ್ಕ್ರೂ ಕ್ಲಿಪ್ಪನ್ನು ಬಲವಾಗಿ ಬಿಗಿದಿದ್ದೆ. ಇಷ್ಟು ಸಣ್ಣ ಪೈಪಿನ ಮೇಲೆ ಆ ಬಗೆಯ ಕ್ಲಿಪ್ ಪೂರ್ತಿ ದುಂಡಗೆ ಕೂರುವುದಿಲ್ಲ. ಸ್ಕ್ರೂ ಇರುವ ಕಡೆ ರಬ್ಬರ್ ನೆರಿಗೆ ಕಟ್ಟಿ ಕೂದಲೆಳೆಯಷ್ಟು ದಾರಿ ಉಳಿಯುತ್ತದೆ. ಎಂಜಿನ್ ಬಿಸಿಗೆ ರಬ್ಬರ್ ಬಿಗಿ ಕಳೆದುಕೊಂಡು ಆ ದಾರಿ ತೆರೆಯಲು ಮೂರು ವಾರ ಬೇಕಾಗಿತ್ತು. ಆ ಮೂರು ವಾರದ ಅಂತರದಿಂದಲೇ ನನಗೆ ಫಿಲ್ಟರಿನ ಮೇಲೆ ಅನುಮಾನ ಬರಲಿಲ್ಲ.

ಇಷ್ಟು ಸಣ್ಣ ಸಂದಿಗೆ ಇಷ್ಟು ದೊಡ್ಡ ಕುಣಿತವೇಕೆ? ಡೀಸೆಲನ್ನು ಹಿಂಡಿದರೆ ಅದು ಹೆಚ್ಚು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಗುಳ್ಳೆ ಬಂದಾಗ ರೈಲಿನ ಒತ್ತಡ ಬೀಳುತ್ತದೆ, ಎಂಜಿನ್ನಿನ ಕಂಪ್ಯೂಟರ್ ಪಂಪಿನ ಕಂಟ್ರೋಲ್ ವಾಲ್ವನ್ನು ತೆರೆಯುತ್ತದೆ. ಅಷ್ಟರಲ್ಲಿ ಗುಳ್ಳೆ ದಾಟಿ ಗಟ್ಟಿ ಡೀಸೆಲ್ ನುಗ್ಗಿ ಒತ್ತಡ ಗುರಿ ಮೀರುತ್ತದೆ, ಕಂಪ್ಯೂಟರ್ ಆ ವಾಲ್ವನ್ನು ಮುಚ್ಚುತ್ತದೆ. ಈ ಸರಿಪಡಿಸುವ ಆಟವನ್ನೇ ನಾವು ಏರಿಳಿತ ಎನ್ನುತ್ತೇವೆ. ಅದರ ಮೇಲೆ ಟ್ಯೂನಿಂಗ್ ಬಾಕ್ಸ್ ಬೇರೆ. ಒತ್ತಡ ಇರುವುದಕ್ಕಿಂತ ಕಡಿಮೆ ಎಂದು ಕಂಪ್ಯೂಟರಿಗೆ ಸುಳ್ಳು ಹೇಳಿ ಹೆಚ್ಚು ಒತ್ತಡ ಕಟ್ಟಿಸುವುದೇ ಅದರ ಕಸುಬು. ನೀವು ಸ್ಕ್ಯಾನರಿನಲ್ಲಿ ನೋಡುತ್ತಿರುವ ಸಂಖ್ಯೆಯೂ ಆ ಸುಳ್ಳೇ. ಆದ್ದರಿಂದ ಬಾಕ್ಸ್ ಇದ್ದಾಗಲೇ ತೆಗೆದು ನೀವು ಕಳಿಸಿರುವ ಒತ್ತಡದ ಗ್ರಾಫನ್ನು ನಾನು ಓದುವುದಿಲ್ಲ, ಕ್ಷಮಿಸಿ. ಬಾಕ್ಸ್ ಕಳಚಿ, ಮೂಲ ಕನೆಕ್ಟರ್ ಸಿಕ್ಕಿಸಿ, ಮತ್ತೆ ತೆಗೆಯಿರಿ. ಕಾಲು ಅಲುಗಾಡದಿರುವಾಗ ಕಂಪ್ಯೂಟರ್ ಕೇಳುವ ಒತ್ತಡ ನೇರವಾಗಿದ್ದು, ಇರುವ ಒತ್ತಡ ಮಾತ್ರ ಅಲೆಯಾಡುತ್ತಿದ್ದರೆ ಡೀಸೆಲ್ ಬರುವ ದಾರಿ ಹಿಡಿಯಿರಿ. ಕೇಳುವ ಒತ್ತಡವೇ ಮೊದಲು ಕುಣಿಯುತ್ತಿದ್ದರೆ ಆಕ್ಸಿಲರೇಟರ್ ಸೆನ್ಸರ್, ಗಾಳಿ ಅಳೆಯುವ ಸೆನ್ಸರ್, ಇಂಟರ್‌ಕೂಲರ್ ಪೈಪಿನ ಬಿರುಕು, ಈ ಕಡೆ ಹೋಗಿ. ಎಣ್ಣೆ ಸವರುವ ಏರ್ ಫಿಲ್ಟರ್ ಹಾಕಿಸಿದ್ದರೆ ಆ ಎಣ್ಣೆ ಸೆನ್ಸರ್ ಮೇಲೆ ಕುಳಿತಿದೆಯೇ ನೋಡಿ. ಕಾಲು ಎತ್ತಿದಾಗ ಟರ್ಬೊ ಬೊಗಳಿದಂತೆ ಸದ್ದು ಮಾಡುವುದು ಬೇರೆಯದೇ ಕಥೆ, ಎರಡನ್ನೂ 'ಸರ್ಜ್' ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದ ಗೊಂದಲವಾಗುತ್ತದೆ.

ಪಾರದರ್ಶಕ ಪೈಪು ಡೀಸೆಲ್ ತಡೆಯುವಂಥದ್ದಾಗಿರಲಿ, ಕಡಿಮೆ ಒತ್ತಡದ ಕಡೆ ಮಾತ್ರ ಹಾಕಿ, ಪರೀಕ್ಷೆ ಮುಗಿದ ಮೇಲೆ ತೆಗೆಯಿರಿ. ಸ್ಟಾರ್ಟ್ ಆದ ಕೂಡಲೇ ಒಂದೆರಡು ಗುಳ್ಳೆ ಕಂಡರೆ ಗಾಬರಿ ಬೇಡ, ನಿಲ್ಲದೆ ಬರುತ್ತಿದ್ದರೆ ಅದು ರೋಗ. ಇನ್ನೂ ಅನುಮಾನವಿದ್ದರೆ ಶುದ್ಧ ಡೀಸೆಲ್ ತುಂಬಿದ ಕ್ಯಾನಿನಿಂದ ನೇರವಾಗಿ ಫಿಲ್ಟರಿಗೆ ಪೈಪು ಕೊಟ್ಟು, ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಟ್ಟು, ನಿಂತಲ್ಲೇ ರೇಸ್ ಹಿಡಿದು ನೋಡಿ. ಏರಿಳಿತ ನಿಂತರೆ ದೋಷ ಟ್ಯಾಂಕಿನಿಂದ ಫಿಲ್ಟರಿನವರೆಗಿನ ದಾರಿಯಲ್ಲಿದೆ. ಟ್ಯಾಂಕಿನಲ್ಲೇ ಎಲೆಕ್ಟ್ರಿಕ್ ಪಂಪ್ ಇರುವ ಗಾಡಿಯಾದರೆ ಪೈಪಿನಲ್ಲಿ ಒತ್ತಡ ಇರುತ್ತದೆ, ಸಂದು ಬಿದ್ದರೆ ಡೀಸೆಲ್ ಹೊರಗೇ ಸೋರುತ್ತದೆ, ನನ್ನ ಕಥೆ ನಿಮಗೆ ಅನ್ವಯಿಸುವುದಿಲ್ಲ. ಆಗ ಆ ಪಂಪಿನ ಒತ್ತಡವನ್ನು ಗೇಜ್ ಹಾಕಿ ಅಳೆಸಿ.

ಪಂಪಿನಿಂದ ರೈಲಿಗೆ, ಅಲ್ಲಿಂದ ಇಂಜೆಕ್ಟರಿಗೆ ಹೋಗುವ ಉಕ್ಕಿನ ಪೈಪುಗಳ ಹತ್ತಿರ ಮಾತ್ರ ನನ್ನ ಬೆರಳಿನ ಪರೀಕ್ಷೆ ಮಾಡಲೇಬೇಡಿ, ಎಂಜಿನ್ ಓಡುತ್ತಿರುವಾಗ ಅವುಗಳ ನಟ್ ಸಡಿಲಿಸಲೂ ಬೇಡಿ. ಅಲ್ಲಿ ಒತ್ತಡ 1,000 ಬಾರ್ ದಾಟುತ್ತದೆ, ಕಾಣದಷ್ಟು ತೆಳ್ಳಗಿನ ಡೀಸೆಲ್ ಎಳೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗಾದರೆ ನೋವು ಇರಲಿ ಬಿಡಲಿ, ತಕ್ಷಣ ಆಸ್ಪತ್ರೆಗೆ ಓಡಬೇಕು.

ನಾನು ಸರಿಯಾದ ಅಳತೆಯ ಡೀಸೆಲ್ ಪೈಪು, ಸುತ್ತಲೂ ಸಮವಾಗಿ ಕಚ್ಚುವ ಸಣ್ಣ ಕ್ಲಿಪ್ಪು ಎರಡು ಹಾಕಿದೆ. ಅಷ್ಟೇ. ಟರ್ಬೊ, ಇಂಟರ್‌ಕೂಲರ್ ಹಾಗೆಯೇ ಇವೆ. ಬಾಕ್ಸ್ ಮಾತ್ರ ಮತ್ತೆ ಹಾಕಲಿಲ್ಲ. ತೆಗೆದಿಟ್ಟ ಹಳೆಯ ಕಂಟ್ರೋಲ್ ವಾಲ್ವನ್ನು ಒಂದು ಭಾನುವಾರ ಕುತೂಹಲಕ್ಕೆ ಪುನಃ ಜೋಡಿಸಿ ನೋಡಿದೆ, ಇಂದಿಗೂ ಅದೇ ಓಡುತ್ತಿದೆ. ಹೊಸದು ಡಬ್ಬದಲ್ಲಿದೆ. ನಿಮ್ಮ ಗಾಡಿ ಬೆಳಿಗ್ಗೆ ಎಷ್ಟು ಹೊತ್ತು ಸೆಲ್ಫ್ ಹೊಡೆಯುತ್ತದೆ, ಟ್ಯಾಂಕ್ ಕಾಲು ಭಾಗಕ್ಕೆ ಬಂದಾಗ ಏರಿಳಿತ ಹೆಚ್ಚುತ್ತದೆಯೇ, ಈ ಎರಡನ್ನು ಮೊದಲು ಬರೆಯಿರಿ. ಪಂಪಿನ ಮಾತು ಆಮೇಲೆ ಆಡೋಣ.