‘ಟೂ ಡೇಸ್ ಅಗೋ’ ಸರಿಯೋ, ‘ಬಿಫೋರ್ ಟೂ ಡೇಸ್’ ಸರಿಯೋ?

ಈಗಿನಿಂದ ಹಿಂದಕ್ಕೆ ಎಣಿಸುವಾಗ ‘ಅಗೋ’. ಅದು ಅವಧಿಯ ನಂತರ ಬರುತ್ತದೆ, ಕನ್ನಡದ ‘ಎರಡು ದಿನದ ಹಿಂದೆ’ಯ ಹಾಗೇ: ‘ದಿ ಸಾಗರ ಬಸ್ ಲೆಫ್ಟ್ ಟೆನ್ ಮಿನಿಟ್ಸ್ ಅಗೋ.’ ‘ಬಿಫೋರ್ ಟೆನ್ ಮಿನಿಟ್ಸ್’ ಅನ್ನುವುದು ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಎಷ್ಟೇ ಕೇಳಿಸಿದರೂ ತಪ್ಪು.

ಇನ್ನೂ ಹೆಚ್ಚು ಎಡವುವುದು ಕ್ರಿಯಾಪದದಲ್ಲಿ. ‘ಹ್ಯಾಸ್ ಲೆಫ್ಟ್ ಟೆನ್ ಮಿನಿಟ್ಸ್ ಅಗೋ’ ಆಗುವುದಿಲ್ಲ. ‘ಅಗೋ’ ಮುಗಿದುಹೋದ ಹೊತ್ತನ್ನು ಗುರುತಿಸುತ್ತದೆ, ಹಾಗಾಗಿ ಸರಳ ಭೂತಕಾಲದ ‘ಲೆಫ್ಟ್’ ಸಾಕು. ‘ಹ್ಯಾಸ್’ ಬೇಕೇಬೇಕೆಂದರೆ ‘ಜಸ್ಟ್’ ಹಾಕಿ: ‘ದಿ ಬಸ್ ಹ್ಯಾಸ್ ಜಸ್ಟ್ ಲೆಫ್ಟ್.’

ಎಣಿಕೆ ಈಗಿನಿಂದಲ್ಲ, ಹಿಂದಿನ ಒಂದು ದಿನದಿಂದ ಶುರುವಾದರೆ ‘ಅಗೋ’ ಬಿಟ್ಟು ‘ಅರ್ಲಿಯರ್’ ಬಳಸಿ: ‘ವೆನ್ ಐ ರೀಚ್ಡ್ ಆಗುಂಬೆ, ದಿ ರೇನ್ ಹ್ಯಾಡ್ ಸ್ಟಾಪ್ಡ್ ಟೂ ಡೇಸ್ ಅರ್ಲಿಯರ್.’ ಇಲ್ಲಿ ಕೊನೆಗೆ ‘ಟೂ ಡೇಸ್ ಬಿಫೋರ್’ ಎಂದರೂ ಸರಿ.